ವ್ಯೂನ್ಸ್‌ಡೋರ್ಫಿನ ದಂಡಿನಲ್ಲಿ ಮೊದಲು ಸೋರಿಕೆ ನಿಲ್ಲಲಿ: ಒಂದು ಬಹಿರಂಗ ಪತ್ರ

ಇವರಿಗೆ: ಬ್ರಾಂಡೆನ್‌ಬುರ್ಗ್ ರಾಜ್ಯದಲ್ಲಿ ಹಳೆಯ ಸೇನಾ ಆಸ್ತಿ ಮತ್ತು ಸ್ಮಾರಕಗಳ ಹೊಣೆ ಹೊತ್ತವರಿಗೆ, ತ್ಸೋಸನ್ ನಗರಾಡಳಿತಕ್ಕೆ
ಪ್ರತಿ: ಬರ್ಲಿನ್ನಿನ ಭಾರತೀಯ ರಾಯಭಾರ ಕಚೇರಿಗೆ, ಕನ್ನಡ ಓದುಗರಿಗೆ

ಮಾನ್ಯರೇ,

ಬರ್ಲಿನ್ನಿನ ದಕ್ಷಿಣಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿ, ಪೈನ್ ಕಾಡಿನ ನಡುವೆ ಇರುವ, ತ್ಸೋಸನ್ ನಗರಕ್ಕೆ ಸೇರಿದ ವ್ಯೂನ್ಸ್‌ಡೋರ್ಫಿನ ಹಳೆಯ ಸೇನಾ ತಾಲೀಮು ಭೂಮಿ ಮತ್ತು ಅದರ ಬ್ಯಾರಕ್‌ಗಳ ಬಗ್ಗೆ ಈ ಪತ್ರ. ಬೆಂಗಳೂರಿನವರ ಮಾತಿನಲ್ಲಿ ಹೇಳುವುದಾದರೆ ಇದೊಂದು ದಂಡು. ಕೈಸರನ, ಅಂದರೆ ಜರ್ಮನ್ ಚಕ್ರವರ್ತಿಯ ಸೇನೆ, ಮೊದಲ ಮಹಾಯುದ್ಧದ ನಂತರದ ವೈಮಾರ್ ಗಣರಾಜ್ಯದ ಸೇನೆ, ಹಿಟ್ಲರನ ಸೇನೆ, ಸೋವಿಯತ್ ಸೇನೆ, ನಾಲ್ಕೂ ಒಂದರ ಹಿಂದೊಂದು ಇಲ್ಲಿ ಬೀಡುಬಿಟ್ಟವು. 1994ರಲ್ಲಿ ಕೊನೆಯ ಸೇನೆ ಹೊರಟಿತು. ಅಂದಿನಿಂದ ಇಲ್ಲಿನ ದೊಡ್ಡ ಕಟ್ಟಡಗಳಲ್ಲಿ ಕೆಲವು ಬಳಕೆಗೆ ಬಂದಿವೆ, ಕೆಲವು ಖಾಲಿ ಬಿದ್ದಿವೆ.

ನಮ್ಮ ಕೋರಿಕೆ ದೊಡ್ಡದೇನಲ್ಲ. ಯಾವ ಕಟ್ಟಡ ಯಾರಿಗೆ, ಎಷ್ಟಕ್ಕೆ, ಯಾವ ಬಳಕೆಗೆ ಎಂಬ ಚರ್ಚೆ ಎಷ್ಟು ವರ್ಷ ಬೇಕಾದರೂ ನಡೆಯಲಿ. ಅಲ್ಲಿಯವರೆಗೆ ಮಾಡಿನ ನೀರು ಗೋಡೆಗಿಳಿಯದಂತೆ ನೋಡಿಕೊಳ್ಳಿ, ಮೊದಲ ಮಹಾಯುದ್ಧದ ಕೈದಿಗಳ ಶಿಬಿರವಿದ್ದ ಮರಳನ್ನು ಪರೀಕ್ಷಿಸದೆ ಅಗೆಯಬೇಡಿ, ಆ ಸೆರೆಯಲ್ಲಿ ಸತ್ತು ಕಾಡಿನೊಳಗೆ ಮಲಗಿರುವ 206 ಭಾರತೀಯರ ಹೆಸರನ್ನು ಅವರ ಊರಿನವರು ಓದುವ ಲಿಪಿಯಲ್ಲಿ ಇಡಿ. ಈ ಅನುಕ್ರಮವನ್ನು ನಾವು ಯೋಚಿಸಿಯೇ ಇಟ್ಟಿದ್ದೇವೆ. ಫಲಕ ಮುಂದಿನ ವರ್ಷವೂ ಬರೆಯಬಹುದು, ಕೊಳೆತ ತೊಲೆ ಅಷ್ಟು ದಿನ ಕಾಯುವುದಿಲ್ಲ.

ಈ ಜಾಗವನ್ನೇ ಸೇನೆ ಯಾಕೆ ಆರಿಸಿತು ಎಂಬುದರಿಂದ ಶುರುಮಾಡೋಣ, ಯಾಕೆಂದರೆ ಇಂದಿನ ಕಷ್ಟಗಳೂ ಅದೇ ಕಾರಣಗಳಿಂದ ಹುಟ್ಟಿದವು. ಬ್ರಾಂಡೆನ್‌ಬುರ್ಗಿನ ಈ ಭಾಗ ಮರಳು ನೆಲ. ಬೇಸಾಯಕ್ಕೆ ಬಡ, ಆದ್ದರಿಂದ ಅಗ್ಗ. ಮಳೆ ಬಿದ್ದರೆ ನೀರು ಇಂಗಿಹೋಗುತ್ತದೆ, ಕವಾಯತು ಮಾಡುವವರಿಗೂ ಕುದುರೆಗಳಿಗೂ ಕೆಸರಿನ ಕಾಟ ಕಡಿಮೆ. ಬರ್ಲಿನ್–ಡ್ರೆಸ್ಡೆನ್ ರೈಲುದಾರಿ 1875ರಿಂದಲೇ ಪಕ್ಕದಲ್ಲಿ ಓಡುತ್ತಿತ್ತು. ಅದೇ ವರ್ಷ ಬರ್ಲಿನ್ನಿನಿಂದ ತ್ಸೋಸನ್ ಮೂಲಕ ಕುಮ್ಮರ್ಸ್‌ಡೋರ್ಫಿನ ಫಿರಂಗಿ ಪರೀಕ್ಷಾ ಮೈದಾನಕ್ಕೆ ಪ್ರಷ್ಯದ ಸೇನೆ ತನ್ನದೇ ರೈಲು ಹಾಕಿಕೊಂಡಿತು. (ಈ ಸೇನಾ ರೈಲುದಾರಿಯ ಮರೀನ್‌ಫೆಲ್ಡೆ–ತ್ಸೋಸನ್ ತುಣುಕಿನಲ್ಲೇ 1903ರ ಅಕ್ಟೋಬರಿನಲ್ಲಿ ವಿದ್ಯುತ್ ರೈಲು ಗಾಡಿಯೊಂದು ಗಂಟೆಗೆ 210 ಕಿಲೋಮೀಟರ್ ವೇಗ ಮುಟ್ಟಿತು. ರೈಲಿನ ಹುಚ್ಚಿರುವವರಿಗೆ ತ್ಸೋಸನ್ ಹೆಸರು ಪರಿಚಯವಿದ್ದರೆ ಅದು ಈ ಕಾರಣಕ್ಕೆ.) 1910ರ ಹೊತ್ತಿಗೆ ತಾಲೀಮು ಭೂಮಿ ಸಿದ್ಧವಾಗತೊಡಗಿತು. ಅದರ ಎಲ್ಲೆಯೊಳಗೆ ಬಿದ್ದ ತ್ಸೇರೆನ್ಸ್‌ಡೋರ್ಫ್ ಎಂಬ ಹಳ್ಳಿಯವರು ಊರು ಬಿಡಬೇಕಾಯಿತು. ಜಲಾಶಯಕ್ಕೆ, ಗಣಿಗೆ ಊರು ಬಿಟ್ಟವರನ್ನು ಕಂಡ ಕನ್ನಡಿಗರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಭಾರತೀಯರ ಕಥೆ ಬರುವುದು 1914ರ ನಂತರ. ಆ ವರ್ಷದ ಸೆಪ್ಟೆಂಬರ್ ಕೊನೆಯಲ್ಲಿ ಲಾಹೋರ್ ಡಿವಿಜನ್, ಅದರ ಬೆನ್ನಿಗೆ ಮೀರತ್ ಡಿವಿಜನ್ ಫ್ರಾನ್ಸಿನ ಮಾರ್ಸೇ ಬಂದರಿಗೆ ಇಳಿದವು. ಕೆಲವೇ ವಾರಗಳಲ್ಲಿ ಫ್ಲಾಂಡರ್ಸಿನ ಕಂದಕಗಳಲ್ಲಿ ಸೆರೆಯಾದವರು ಜರ್ಮನಿಗೆ ಬಂದರು. ಆಟೊಮನ್ ಸುಲ್ತಾನ 1914ರ ನವೆಂಬರಿನಲ್ಲಿ ಜಿಹಾದ್ ಸಾರಿದ್ದ. ಬ್ರಿಟಿಷ್, ಫ್ರೆಂಚ್, ರಷ್ಯನ್ ಸೇನೆಗಳಲ್ಲಿದ್ದ ಮುಸ್ಲಿಂ ಸೈನಿಕರನ್ನು ತನ್ನ ಕಡೆಗೆ ತಿರುಗಿಸಿಕೊಳ್ಳಬಹುದೆಂದು ಬರ್ಲಿನ್ ಲೆಕ್ಕ ಹಾಕಿತು. ಮಾಕ್ಸ್ ಫಾನ್ ಒಪ್ಪೆನ್‌ಹೈಮ್ ಕಟ್ಟಿದ ಪೌರ್ವಾತ್ಯ ಸುದ್ದಿ ಕಚೇರಿಗೆ ಇದೇ ಕೆಲಸ. ತ್ಸೋಸನ್ನಿನ ವೈನ್‌ಬೆರ್ಗ್ ಶಿಬಿರದಲ್ಲಿ ಹೆಚ್ಚಾಗಿ ರಷ್ಯನ್ ಸೇನೆಯ ತಾತಾರರನ್ನು ಇಟ್ಟರು. ವ್ಯೂನ್ಸ್‌ಡೋರ್ಫಿನ ಹಾಲ್ಬ್‌ಮೊಂಡ್ ಶಿಬಿರದಲ್ಲಿ, ಅಂದರೆ ಅರ್ಧಚಂದ್ರ ಶಿಬಿರದಲ್ಲಿ, ಉತ್ತರ ಆಫ್ರಿಕದವರೂ ಭಾರತೀಯರೂ ಇದ್ದರು. ಹೆಸರು ಅರ್ಧಚಂದ್ರವಾದರೂ ಭಾರತೀಯರ ಭಾಗದಲ್ಲಿ ಸಿಖ್ಖರೂ ಹಿಂದೂಗಳೂ ಗೂರ್ಖಾಗಳೂ ಇದ್ದರು. ಅವರಿಗೆ ಹಿಂದಿ ಮತ್ತು ಉರ್ದುವಿನಲ್ಲಿ 'ಹಿಂದೋಸ್ತಾನ್' ಎಂಬ ಪತ್ರಿಕೆ ಹಂಚುತ್ತಿದ್ದರು. ಬರ್ಲಿನ್ ಸಮಿತಿಯ ಭಾರತೀಯ ಕ್ರಾಂತಿಕಾರಿಗಳು ಬಂದು ಭಾಷಣ ಮಾಡುತ್ತಿದ್ದರು. ಭಾರತೀಯರ ಮಟ್ಟಿಗೆ ಈ ಯೋಜನೆ ಫಲಿಸಲಿಲ್ಲ.

ಶಿಬಿರದ ಮಸೀದಿ 1915ರ ಜುಲೈ 13ರಂದು, ರಮ್ಜಾನ್ ಹೊತ್ತಿಗೆ ತೆರೆಯಿತು. ಪೂರ್ತಿ ಮರದ ಕಟ್ಟಡ, ಸುಮಾರು ಐದು ವಾರದಲ್ಲಿ ಎದ್ದದ್ದು, ಖರ್ಚು 45,000 ಮಾರ್ಕ್. ಗುಮ್ಮಟದ ಅಡ್ಡಳತೆ 12 ಮೀಟರ್, ಮಿನಾರಿನ ಎತ್ತರ 23 ಮೀಟರ್. ಜರ್ಮನಿಯಲ್ಲಿ ನಮಾಜಿಗೆಂದೇ ಕಟ್ಟಿದ ಮೊದಲ ಮಸೀದಿ ಇದು. ಶ್ವೆಟ್ಸಿಂಗೆನ್ ಅರಮನೆ ತೋಟದಲ್ಲಿ ಇದಕ್ಕಿಂತ ಹಳೆಯ ಮಸೀದಿಯಾಕಾರದ ಕಟ್ಟಡವಿದೆ, ಆದರೆ ಅದು ತೋಟದ ಅಲಂಕಾರ. ಇದನ್ನು ಕೈಸರನ ಔದಾರ್ಯ ಎಂದು ಬರೆಯುವವರಿದ್ದಾರೆ. ಬೇರೆ ಶಿಬಿರಗಳಿಗಿಂತ ಇಲ್ಲಿ ಸೌಕರ್ಯ ಹೆಚ್ಚಿದ್ದದ್ದು ನಿಜ. ಆ ಸೌಕರ್ಯದ ಫೋಟೊ ತೆಗೆದು ಅಂಚೆಕಾರ್ಡು ಅಚ್ಚು ಹಾಕಿ ಹಂಚಿದ್ದೂ ನಿಜ. ಫಲಕ ಬರೆಯುವವರು ಎರಡನ್ನೂ ಬರೆಯಬೇಕು.

ಸೌಕರ್ಯವಿದ್ದರೂ ಚಳಿ ಮತ್ತು ಕ್ಷಯ ಬಿಡಲಿಲ್ಲ. 1917ರ ವಸಂತದಲ್ಲಿ ಬಹುಪಾಲು ಭಾರತೀಯರನ್ನು ಹವೆ ಸ್ವಲ್ಪ ಹಿತವಾಗಿರುವ ರೊಮೇನಿಯಕ್ಕೆ ಸಾಗಿಸಿದರು. ಸತ್ತವರು ತ್ಸೇರೆನ್ಸ್‌ಡೋರ್ಫಿನ ಸ್ಮಶಾನದಲ್ಲಿ ಉಳಿದರು. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ದಾಖಲೆಯಲ್ಲಿ ಅಲ್ಲಿರುವ ಭಾರತೀಯರು 206 ಮಂದಿ. ಎರಡನೇ ಮಹಾಯುದ್ಧದ ನಂತರ ಆ ಕಾಡು ಸೋವಿಯತ್ ಸೇನೆಯ ನಿಷೇಧಿತ ತಾಲೀಮು ಭೂಮಿಯೊಳಗೆ ಸೇರಿಹೋಯಿತು. ದಶಕಗಳ ಕಾಲ ಯಾರೂ ಒಳಹೋಗುವಂತಿರಲಿಲ್ಲ, ಸ್ಮಶಾನ ಹಾಳಾಯಿತು. ಸೇನೆ ಹೋದ ಮೇಲೆ ಅದನ್ನು ಮತ್ತೆ ಕಟ್ಟಿ 2005ರಲ್ಲಿ ಸಮರ್ಪಿಸಿದರು.

ಇದೇ ಶಿಬಿರದಲ್ಲಿ ಇನ್ನೊಂದು ಕೆಲಸ ನಡೆಯಿತು. 1915ರಿಂದ 1918ರವರೆಗೆ ಪ್ರಷ್ಯದ ಧ್ವನಿಮುದ್ರಣ ಆಯೋಗದ ಭಾಷಾಶಾಸ್ತ್ರಜ್ಞರು ಜರ್ಮನಿಯ ಸೆರೆ ಶಿಬಿರಗಳನ್ನು ಸುತ್ತಿ ಕೈದಿಗಳ ದನಿ ಹಿಡಿದರು. ಅರಗಿನ ತಟ್ಟೆಗಳಲ್ಲಿ ಸುಮಾರು 1,650 ಮುದ್ರಣಗಳು, 250ರಷ್ಟು ಭಾಷೆ ಮತ್ತು ಉಪಭಾಷೆಗಳು. ಅಧ್ಯಕ್ಷ ಕಾರ್ಲ್ ಸ್ಟುಂಪ್, ಓಡಾಡಿ ಮಾಡಿಸಿದವನು ವಿಲ್ಹೆಲ್ಮ್ ಡೋಗೆನ್. ವಿಧಾನ ಹೀಗೆ: ಕೈದಿ ಹೇಳಬೇಕಾದ್ದನ್ನು ಮೊದಲೇ ಬರೆದುಕೊಳ್ಳುತ್ತಿದ್ದರು, ಅದು ತಟ್ಟೆಯ ಎರಡು ಮೂರು ನಿಮಿಷಕ್ಕೆ ಹೊಂದುವಂತೆ ಅಳೆಯುತ್ತಿದ್ದರು, ಆಮೇಲೆ ಕಹಳೆಯ ಬಾಯಿಗೆ ಮುಖ ಕೊಟ್ಟು ಹೇಳಿಸುತ್ತಿದ್ದರು. ಪ್ರತಿಯೊಬ್ಬನಿಗೂ ಒಂದು ವೈಯಕ್ತಿಕ ಹಾಳೆ: ಹುಟ್ಟಿದ ಊರು, ಬೆಳೆದ ಊರು, ಓದು, ಕಸುಬು, ಬಲ್ಲ ಭಾಷೆಗಳು. ವ್ಯೂನ್ಸ್‌ಡೋರ್ಫಿನಲ್ಲಿ 1916ರ ಡಿಸೆಂಬರ್ 11ರಂದು ಮಲ್ ಸಿಂಗ್ ಎಂಬ ಪಂಜಾಬಿ ಸಿಪಾಯಿ ತನ್ನನ್ನೇ 'ಒಬ್ಬ ಮನುಷ್ಯ' ಎಂದು ಕರೆದುಕೊಂಡು, ಊರಿನ ಬೆಣ್ಣೆಯನ್ನೂ ಮನೆಗೆ ಮರಳುವ ಆಸೆಯನ್ನೂ ಹೇಳಿದ ತಟ್ಟೆ ಇಂದಿಗೂ ಇದೆ. ಇವೆಲ್ಲ ಈಗ ಬರ್ಲಿನ್ನಿನ ಹುಂಬೋಲ್ಟ್ ವಿಶ್ವವಿದ್ಯಾಲಯದ ಧ್ವನಿ ಸಂಗ್ರಹದಲ್ಲಿವೆ. ವ್ಯಾಕರಣಕ್ಕೆಂದು ಹಿಡಿದ ಆ ದನಿಗಳು, ಕಟ್ಟಡವೇ ಉಳಿಯದ ಶಿಬಿರದ ಅತ್ಯಂತ ಗಟ್ಟಿ ಪುರಾವೆ.

ಕನ್ನಡ ಓದುಗರಿಗೆ ಇಲ್ಲೊಂದು ಮಾತು. ನಮ್ಮ ವಾಟ್ಸ್ಯಾಪ್‌ಗಳಲ್ಲಿ ಈ ಶಿಬಿರದ ಚಿತ್ರವನ್ನು ನೇತಾಜಿಯ ಸೈನ್ಯದ ಚಿತ್ರವೆಂದು ಹಾಕುವುದಿದೆ. ಎರಡರ ನಡುವೆ ಇಪ್ಪತ್ತೈದಕ್ಕೂ ಹೆಚ್ಚು ವರ್ಷಗಳ ಅಂತರವಿದೆ. ಸುಭಾಷ್‌ಚಂದ್ರ ಬೋಸರು ಜರ್ಮನಿಯಲ್ಲಿ ಕಟ್ಟಿದ ಭಾರತೀಯ ಪಡೆ, ಅಂದರೆ ಜರ್ಮನ್ ಲೆಕ್ಕದಲ್ಲಿ 950ನೇ ಪದಾತಿ ರೆಜಿಮೆಂಟು, 1942ರಲ್ಲಿ ತರಬೇತಿ ಪಡೆದದ್ದು ಡ್ರೆಸ್ಡೆನ್ ಉತ್ತರದ ಕ್ಯೋನಿಗ್ಸ್‌ಬ್ರುಕ್ ತಾಲೀಮು ಭೂಮಿಯಲ್ಲಿ. ಅದರ ಸಿಪಾಯಿಗಳು ಉತ್ತರ ಆಫ್ರಿಕದಲ್ಲಿ ಸೆರೆಸಿಕ್ಕವರು. ವ್ಯೂನ್ಸ್‌ಡೋರ್ಫಿನವರು ಅವರ ತಂದೆಯ ತಲೆಮಾರು. ಹಾಗೆಯೇ ಇಲ್ಲಿ ಕನ್ನಡದ ಹೆಸರೊಂದು ಸಿಕ್ಕೀತೆಂದು ಎಳೆದಾಡುವುದೂ ಬೇಡ. ಆಗಿನ ಬ್ರಿಟಿಷ್ ಸೇನೆ ಈ ಡಿವಿಜನ್‌ಗಳಿಗೆ ಜನ ತೆಗೆದದ್ದು ಹೆಚ್ಚಾಗಿ ಪಂಜಾಬ್, ಗಢವಾಲ್, ನೇಪಾಳ, ವಾಯವ್ಯ ಗಡಿಯಿಂದ. ಆ ಯುದ್ಧದಲ್ಲಿ ನಮ್ಮ ಕಡೆಯ ನೆನಪು ಬೇಕಿದ್ದರೆ 1918ರ ಸೆಪ್ಟೆಂಬರ್ 23ರಂದು ಹೈಫಾ ಹಿಡಿದ ಮೈಸೂರು ಲ್ಯಾನ್ಸರ್ಸ್ ಇದ್ದಾರೆ, ಅವರ ಜಾಗ ಬೇರೆ. ವ್ಯೂನ್ಸ್‌ಡೋರ್ಫಿನ ಮಣ್ಣು ನಮಗೆ ಸಂಬಂಧಿಸಿದ್ದು ಎನ್ನಲು ಅಲ್ಲಿ ಕನ್ನಡಿಗನೇ ಮಲಗಿರಬೇಕಿಲ್ಲ.

ಮೊದಲ ಯುದ್ಧದ ನಂತರದ ಹದಿನೈದು ವರ್ಷಗಳನ್ನು ಬೇಗ ದಾಟುತ್ತೇವೆ. ಮಸೀದಿಯನ್ನು 1920ರ ದಶಕದಲ್ಲಿ ಕೆಡವಿದರು, ಮೋಶೆಸ್ತ್ರಾಸೆ, ಅಂದರೆ ಮಸೀದಿ ರಸ್ತೆ, ಎಂಬ ಹೆಸರಾಗಿ ಮಾತ್ರ ಅದು ಉಳಿಯಿತು. ಸೇನೆಯ ವ್ಯಾಯಾಮ ಸಂಸ್ಥೆಯ ಭವ್ಯ ಕಟ್ಟಡ ಸೇನಾ ಕ್ರೀಡಾ ಶಾಲೆಯಾಯಿತು. 1933ರ ನಂತರ ಜರ್ಮನಿಯ ಮೊದಮೊದಲ ಟ್ಯಾಂಕ್ ತುಕಡಿಗಳು ಇಲ್ಲೇ ಕಲಿತವು.

1937ರಿಂದ ಕಟ್ಟಿದ ಬಂಕರ್‌ಗಳ ಬಗ್ಗೆ ಮಾತ್ರ ಸ್ವಲ್ಪ ನಿಲ್ಲಬೇಕು. ಮೈಬಾಖ್ ಒಂದು ಎಂಬ ಗುಪ್ತನಾಮದ ಸಮೂಹದಲ್ಲಿ 12 ಕಾಂಕ್ರೀಟ್ ಮನೆಗಳು. ಆಕಾಶದಿಂದ ನೋಡಿದರೆ ಇಳಿಜಾರು ಮಾಡಿನ ಹಳ್ಳಿಮನೆಗಳು, ಕೆಳಗೆ ನೆಲದೊಳಗೆ ಎರಡು ಅಂತಸ್ತು, ಒಂದರಿಂದೊಂದಕ್ಕೆ ಸುರಂಗ. ಪಕ್ಕದಲ್ಲಿ ತ್ಸೆಪೆಲಿನ್ ಎಂಬ ದೂರವಾಣಿ ವಿನಿಮಯ ಕೇಂದ್ರ. 1939ರ ಆಗಸ್ಟ್ ಕೊನೆಯಲ್ಲಿ, ಪೋಲೆಂಡಿನ ಮೇಲೆ ಬೀಳುವ ಮುನ್ನ, ಭೂಸೇನೆಯ ಪ್ರಧಾನ ಕಚೇರಿ ಇಲ್ಲಿಗೆ ಬಂತು. ಸೋವಿಯತ್ ಒಕ್ಕೂಟದ ಮೇಲಿನ ದಾಳಿಯ ಯೋಜನೆಯ ಬಹುಭಾಗ ಇಲ್ಲಿನ ಮೇಜುಗಳ ಮೇಲೆ ಬೆಳೆಯಿತು. ಆ ಯುದ್ಧದಲ್ಲಿ ಜರ್ಮನ್ ಸೆರೆಯಲ್ಲಿ ಸತ್ತ ಸೋವಿಯತ್ ಸೈನಿಕರು 30 ಲಕ್ಷಕ್ಕೂ ಹೆಚ್ಚು. 1915ರಲ್ಲಿ ಪ್ರಚಾರಕ್ಕಾಗಿಯಾದರೂ ಕೈದಿಗಳಿಗೆ ಮಸೀದಿ ಕಟ್ಟಿದ ಅದೇ ಊರಿನಿಂದ 26 ವರ್ಷಗಳ ನಂತರ ಹೊರಟ ಆದೇಶಗಳ ಪರಿಣಾಮ ಇದು. ಬಂಕರ್ ತೋರಿಸುವವರು ಕಾಂಕ್ರೀಟಿನ ದಪ್ಪ, ಬಾಗಿಲಿನ ತೂಕ, ಅನಿಲ ಸೋಸುವ ಯಂತ್ರ ಇಷ್ಟನ್ನೇ ಹೇಳಿ ಮುಗಿಸಿದರೆ ಆ ಕೋಣೆಗಳಲ್ಲಿ ನಡೆದ ಕೆಲಸವೇ ಬಿಟ್ಟುಹೋಗುತ್ತದೆ. ಪೂರೈಕೆಯ ಹೊಣೆ ಹೊತ್ತಿದ್ದ ಜನರಲ್ ಎಡುವಾರ್ಡ್ ವಾಗ್ನರ್ ಹಿಟ್ಲರನ ವಿರುದ್ಧದ ಸಂಚಿನಲ್ಲಿ ಸೇರಿ 1944ರ ಜುಲೈ 23ರಂದು ಇಲ್ಲೇ ಗುಂಡು ಹಾರಿಸಿಕೊಂಡು ಸತ್ತ. ಸೋವಿಯತ್ ಕೈದಿಗಳನ್ನು ಹಸಿವಿಗೆ ದೂಡಿದ ವ್ಯವಸ್ಥೆಯಲ್ಲೂ ಅವನ ಕೈಯಿತ್ತು. ಫಲಕದಲ್ಲಿ ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಸುಳ್ಳಾಗುತ್ತದೆ.

1945ರ ಮಾರ್ಚ್ 15ರಂದು ಅಮೆರಿಕದ ವಿಮಾನಗಳು ಇಲ್ಲಿ ಬಾಂಬು ಸುರಿದವು, ಏಪ್ರಿಲ್ 20ರ ಹೊತ್ತಿಗೆ ಸೋವಿಯತ್ ಟ್ಯಾಂಕುಗಳು ಬಂದವು. ಮಿತ್ರರಾಷ್ಟ್ರಗಳ ಒಪ್ಪಂದದಂತೆ ಮೈಬಾಖ್ ಮನೆಗಳನ್ನು ಆಮೇಲೆ ಸ್ಫೋಟಿಸಲಾಯಿತು. ಇಂದು ಕಾಡಿನಲ್ಲಿ ಓರೆಯಾಗಿ ನಿಂತ ಚಪ್ಪಡಿಗಳು ಅವೇ. 1950ರ ದಶಕದ ಮೊದಲಲ್ಲಿ ಪೂರ್ವ ಜರ್ಮನಿಯಲ್ಲಿದ್ದ ಸೋವಿಯತ್ ಪಡೆಗಳ ಪ್ರಧಾನ ಕಚೇರಿ ಪಾಟ್ಸ್‌ಡಾಮಿನಿಂದ ಇಲ್ಲಿಗೆ ಬಂತು. ಊರಿನ ಜರ್ಮನರು ಮನೆ ಬಿಟ್ಟರು, ಹೆದ್ದಾರಿ 96 ಅವರ ಪಾಲಿಗೆ ಮುಚ್ಚಿತು. ಶಾಲೆ, ಅಂಗಡಿ, ರಂಗಮಂದಿರ, ಈಜುಕೊಳ, ಮಾಸ್ಕೋಗೆ ನೇರ ರೈಲು, ಹೀಗೆ ಸಾವಿರಾರು ಸೈನಿಕರು ಮತ್ತು ಅವರ ಕುಟುಂಬಗಳ ಪಟ್ಟಣವೊಂದು ಬೇಲಿಯೊಳಗೆ ಬೆಳೆಯಿತು. ಹಳೆಯ ಕ್ರೀಡಾ ಶಾಲೆ ಅಧಿಕಾರಿಗಳ ಭವನವಾಯಿತು, ಅದರ ಎದುರು ಲೆನಿನ್ನನ ಪ್ರತಿಮೆ ನಿಂತಿತು. 1990ರ ಒಪ್ಪಂದದಲ್ಲಿ ಜರ್ಮನಿ ಈ ವಾಪಸಾತಿಗೆ 1,200 ಕೋಟಿ ಮಾರ್ಕ್ ಕೊಡಲು, ಮೇಲೆ 300 ಕೋಟಿ ಬಡ್ಡಿರಹಿತ ಸಾಲ ನೀಡಲು ಒಪ್ಪಿತು. 1994ರಲ್ಲಿ ಕೊನೆಯ ರೈಲು ಹೊರಟಿತು. 1998ರಲ್ಲಿ ಹಳೆ ಪುಸ್ತಕದಂಗಡಿಗಳ ಪುಸ್ತಕ ಪಟ್ಟಣವನ್ನು ಆರಂಭಿಸಿ, ಜೊತೆಗೆ ಬಂಕರ್ ಪ್ರವಾಸ ಶುರುಮಾಡಿದರು. ಕೆಲವು ಬ್ಯಾರಕ್‌ಗಳು ಮನೆಗಳಾದವು, ಕೆಲವು ಸರ್ಕಾರಿ ಕಚೇರಿಗಳಾದವು. ರಾಜ್ಯದ ಸ್ಮಾರಕ ಸಂರಕ್ಷಣೆಯ ಕಚೇರಿಯೇ ಈ ಊರಿನಲ್ಲಿದೆ ಎಂಬುದು ನಮಗೆ ಧೈರ್ಯ ಕೊಡುವ ಸಂಗತಿ.

ಇನ್ನು ಖಾಲಿ ಕಟ್ಟಡಗಳ ಮಾತು. ಕೈಸರನ ಕಾಲದ ಬ್ಯಾರಕ್‌ಗಳ ರಚನೆ ಬಹುಮಟ್ಟಿಗೆ ಒಂದೇ: ಒಂದೂವರೆ ಅಥವಾ ಎರಡು ಇಟ್ಟಿಗೆ ದಪ್ಪದ, ಅಂದರೆ 38 ಅಥವಾ 51 ಸೆಂಟಿಮೀಟರಿನ ಗೋಡೆ, ಅದರೊಳಗೆ ತಲೆಯಿಟ್ಟ ಮರದ ತೊಲೆ, ತೊಲೆಗಳ ನಡುವೆ ಮಣ್ಣು ಅಥವಾ ಕಿಟ್ಟದ ತುಂಬು, ಮೇಲೆ ಹಲಗೆ. ಇಂಥ ಮನೆ ನೂರು ವರ್ಷ ನಿಲ್ಲುತ್ತದೆ, ಒಳಗೆ ಒಲೆ ಉರಿಯುತ್ತ, ಮಳೆನೀರು ಹರಿಸುವ ಸೂರಿನ ದೋಣಿ ಸರಿಯಾಗಿದ್ದರೆ. ಸೇನೆ ಹೋದಾಗ ಕಾವು ನಿಂತಿತು. ಕೊಳವೆಗಳ ನೀರು ಬಸಿಯದೆ ಬಿಟ್ಟ ಕಡೆ ಮೊದಲ ಚಳಿಗಾಲವೇ ಸಾಕು: ಹೆಪ್ಪುಗಟ್ಟಿದ ನೀರು ಸುಮಾರು 9 ಶೇಕಡಾ ಹಿಗ್ಗಿ ಬೀಡುಕಬ್ಬಿಣದ ರೇಡಿಯೇಟರ್ ಸೀಳುತ್ತದೆ. ಇಂಥ ಮನೆಗಳಲ್ಲಿ ಮುಂದಿನ ಹಂತ ಕಳ್ಳತನ. ತಾಮ್ರದ ಇಳಿಗೊಳವೆ ಹೋದ ದಿನದಿಂದ ಮಾಡಿನ ಅಷ್ಟೂ ನೀರು ಗೋಡೆಯ ಒಂದೇ ಪಟ್ಟಿಯ ಮೇಲೆ ಸುರಿಯುತ್ತದೆ. ಗೋಡೆ ನೆನೆದರೆ ಒಳಗೆ ತಲೆಯಿಟ್ಟ ತೊಲೆ ನೆನೆಯುತ್ತದೆ, ಹೊರಗಿನಿಂದ ಕಾಣುವುದಿಲ್ಲ.

ಕರ್ನಾಟಕದಲ್ಲಿ ಮರಕ್ಕೆ ಗೆದ್ದಲು ಶತ್ರುವಾದರೆ ಇಲ್ಲಿ ಮನೆಯಣಬೆ. ಮರದ ತೇವ 20 ಶೇಕಡಾ ಒಳಗಿದ್ದರೆ ಭಯವಿಲ್ಲ. 30ರ ಆಸುಪಾಸು ಹೋಗಿ ಗಾಳಿಯಾಡದಿದ್ದರೆ ಈ ಅಣಬೆ ಹಿಡಿಯುತ್ತದೆ, ಆಮೇಲೆ ತನ್ನ ಬೂದು ದಾರಗಳಲ್ಲಿ ನೀರು ಹೊತ್ತುಕೊಂಡು ಗಾರೆಯ ಸಂದಿನಿಂದ ಪಕ್ಕದ ಒಣ ಕೋಣೆಗೂ ದಾಟುತ್ತದೆ. ಗುರುತುಗಳು: ಅಣಬೆಯ ವಾಸನೆ, ಚೌಕ ಚೌಕವಾಗಿ ಬಿರಿದ ಕಂದು ಮರ, ಕಿಟಕಿ ಹಲಗೆಯ ಮೇಲೆ ತುಕ್ಕುಬಣ್ಣದ ಪುಡಿ. ಹಿಡಿದ ಮೇಲೆ ಕಂಡ ಭಾಗದಿಂದ ಕನಿಷ್ಠ 1 ಮೀಟರ್ ಆಚೆಗೂ ತೊಲೆ ಕತ್ತರಿಸಬೇಕಾಗುತ್ತದೆ. ಒಂದು ಇಳಿಗೊಳವೆಯ ಬೆಲೆಗೆ ನಿಲ್ಲಿಸಬಹುದಾಗಿದ್ದ ಹಾನಿಗೆ ಇಡೀ ಮಹಡಿ ತೆರಬೇಕಾಗುತ್ತದೆ.

ಆದ್ದರಿಂದ ಖಾಲಿ ಕಟ್ಟಡಗಳಿಗೆ ನಾವು ಕೇಳುವುದು ಇಷ್ಟು. ವರ್ಷಕ್ಕೆ ಎರಡು ಸಲ ಸೂರಿನ ದೋಣಿ ತೊಳೆಯಿಸಿ, ನವೆಂಬರ್ ಕೊನೆಯಲ್ಲಿ ಎಲೆಯುದುರಿದ ಮೇಲೆ ಒಮ್ಮೆ, ಬರ್ಚ್ ಹೂ ಉದುರಿದ ಮೇಲೆ ಮೇ ತಿಂಗಳಲ್ಲಿ ಒಮ್ಮೆ. ಪೈನ್ ಎಲೆಯೂ ಬರ್ಚ್ ಬೀಜವೂ ಸೇರಿ ಕೊಳವೆಯ ಬಾಯಲ್ಲಿ ಬೆಣೆಯಂತೆ ಕೂರುತ್ತವೆ, ಬೀಜ ಅಲ್ಲೇ ಮೊಳೆತು ಮಾಡಿನ ಮೇಲೆ ಮರವಾಗುತ್ತದೆ. ಕದ್ದುಹೋದ ಕಡೆ ತಾಮ್ರ ಬೇಡ, ಪ್ಲಾಸ್ಟಿಕ್ ಕೊಳವೆ ಸಾಕು, ಯಾರೂ ಕದಿಯುವುದಿಲ್ಲ. ನೀರು ಮಾತ್ರ ಗೋಡೆಯ ಬುಡದಿಂದ ಒಂದೆರಡು ಮೀಟರ್ ಆಚೆ ಬೀಳಬೇಕು. ಕಿಟಕಿಗೆ ಹಲಗೆ ಹೊಡೆಯುವಾಗ ಮೇಲೂ ಕೆಳಗೂ 10 ಸೆಂಟಿಮೀಟರ್ ಬಿಡಿ, ಪಕ್ಷಿ ಬಾರದಂತೆ ಜಾಲರಿ ಹಾಕಿ. ಪೂರ್ತಿ ಮುಚ್ಚಿದ ಮನೆ ಒಳಗಿಂದೊಳಗೆ ಬೆವರುತ್ತದೆ. ನೆಲಮಾಳಿಗೆಯನ್ನು ಬೇಸಿಗೆಯ ಹಗಲಿನಲ್ಲಿ ತೆರೆದಿಡುವುದು ಎಲ್ಲರೂ ಮಾಡುವ ತಪ್ಪು: 28 ಡಿಗ್ರಿಯ ತೇವಗಾಳಿ 14 ಡಿಗ್ರಿಯ ಗೋಡೆಗೆ ತಾಗಿದರೆ ನೀರಾಗಿ ಇಳಿಯುತ್ತದೆ. ಚಳಿಗಾಲದ ಒಣಹವೆಯಲ್ಲಿ ತೆರೆಯಿರಿ. ಮೂರು ತಿಂಗಳಿಗೊಮ್ಮೆ ತೊಲೆಯ ತುದಿಗಳಿಗೆ ತೇವಮಾಪಕದ ಮುಳ್ಳು ಚುಚ್ಚಿ ಅಂಕಿ ಬರೆದಿಡಿ. ಅಂಕಿ ಏರುತ್ತಿದ್ದರೆ ಅದರ ನೇರ ಮೇಲೆ ಎಲ್ಲೋ ಸೂರಿನ ದೋಣಿ ಕಟ್ಟಿಕೊಂಡಿದೆ ಎಂದೇ ಅರ್ಥ.

ಎಲ್ಲ ಕಟ್ಟಡವನ್ನೂ ಉಳಿಸಿ ಎನ್ನುವ ಹುಡುಗಾಟ ನಮ್ಮದಲ್ಲ. ಸೋವಿಯತ್ ಕಾಲದ ಕೊನೆಯ ಚಪ್ಪಡಿ ಬ್ಲಾಕುಗಳಲ್ಲಿ ಹಲವು ಬಿದ್ದರೂ ನಷ್ಟವಿಲ್ಲ. ಬೀಳುವ ಮುನ್ನ ದಾಖಲಿಸಿ ಅಷ್ಟೆ. ಕೋಣೆಗೊಂದು ಸಂಖ್ಯೆ ಕೊಟ್ಟು ನಾಲ್ಕು ಮೂಲೆಯಿಂದ, ಚಾವಣಿಗೆ ಒಂದು, ನೆಲಕ್ಕೆ ಒಂದು, ಒಟ್ಟು ಆರು ಫೋಟೊ, ಪ್ರತಿಯೊಂದರಲ್ಲೂ ಅಳತೆ ಪಟ್ಟಿ. ಸೋವಿಯತ್ ಮನೆಗಳಲ್ಲಿ ಗೋಡೆಕಾಗದದ ಕೆಳಗೆ ಹಳೆಯ ಪತ್ರಿಕೆ ಅಂಟಿಸುವ ರೂಢಿಯಿತ್ತು. ಅದರ ತಾರೀಕಿನಿಂದ ಕೋಣೆಗೆ ಕಾಗದ ಹಚ್ಚಿದ ಕಾಲ ಗೊತ್ತಾಗುತ್ತದೆ. ಸೇವೆ ಮುಗಿಸಿ ಹೊರಟ ಹುಡುಗರು ಇಟ್ಟಿಗೆಯ ಮೇಲೆ ಕೆತ್ತಿದ ಊರಿನ ಹೆಸರು ಮತ್ತು ಇಸವಿ ಕಂಡರೆ ಅದರ ಮೇಲೆ ಸುಣ್ಣ ಬಳಿಯಬೇಡಿ. ಗೋಡೆಯ ಕೆಳಭಾಗಕ್ಕೆ ಬಳಿದ ಎಣ್ಣೆಬಣ್ಣದ ವಿಷಯ ಬೇರೆ: ಅದು ಉಸಿರಾಡದು, ಗಾರೆಯನ್ನು ಹಿಂದಿನಿಂದ ಕೊಳೆಸುತ್ತದೆ. ಮಾದರಿಗೆ ಒಂದು ಗೋಡೆ ಬಿಟ್ಟು ಉಳಿದದ್ದನ್ನು ತೆಗೆಯಬಹುದು.

ಅರ್ಧಚಂದ್ರ ಶಿಬಿರದ ಜಾಗದ್ದು ಬೇರೆ ಕಷ್ಟ. ಅಲ್ಲಿ ಮೇಲೆ ಏನೂ ಇಲ್ಲ. 2015ರಲ್ಲಿ ನಿರಾಶ್ರಿತರ ವಸತಿಗೆ ಆ ಪ್ರದೇಶ ಬೇಕಾದಾಗ ಪುರಾತತ್ವಜ್ಞರು ಮೊದಲು ಅಗೆದು ನೋಡಿದರು, ಅದು ಸರಿಯಾದ ಕ್ರಮ. ಮರದ ಕಟ್ಟಡ ಮರಳಿನಲ್ಲಿ ಬಿಟ್ಟುಹೋಗುವುದು ಕಲ್ಲಿನ ತಳಪಾಯವನ್ನಲ್ಲ, ಕಂಬದ ಗುಂಡಿಯ ಕಪ್ಪು ಬಣ್ಣವನ್ನು. ಹಲ್ಲಿರುವ ಜೆಸಿಬಿ ಬಕೆಟ್ಟು ಅದನ್ನು ಒಂದು ಗಂಟೆಯಲ್ಲಿ ಕಲಸಿಹಾಕುತ್ತದೆ. ಮುಂದೆ ಕೇಬಲ್ಲಿಗಾಗಲಿ ಚರಂಡಿಗಾಗಲಿ ಅಗೆಯುವಾಗಲೂ ಹಲ್ಲಿಲ್ಲದ ಅಗಲ ಬಕೆಟ್ಟಿನಿಂದ ತೆಳುಪದರವಾಗಿ ಕೆರೆಯಿಸಿ, ಬಣ್ಣ ಬದಲಾದ ಕಡೆ ನಿಲ್ಲಿಸಿ, ಸಲಿಕೆಯಲ್ಲಿ ಸವರಿ, ಚಿತ್ರ ತೆಗೆದು ಮುಂದುವರಿಯಿರಿ. ಈ ಷರತ್ತು ಟೆಂಡರಿನಲ್ಲೇ ಇರಬೇಕು, ಕೆಲಸ ಶುರುವಾದ ಮೇಲೆ ಹೇಳಿದರೆ ಗುತ್ತಿಗೆದಾರ ಕೇಳುವುದಿಲ್ಲ.

ಮದ್ದುಗುಂಡಿನ ವಿಷಯ ನಿಮಗೆ ನಮಗಿಂತ ಚೆನ್ನಾಗಿ ಗೊತ್ತು. ಕನ್ನಡ ಓದುಗರಿಗಾಗಿ ಎರಡು ಮಾತು. ಎಂಬತ್ತಕ್ಕೂ ಹೆಚ್ಚು ವರ್ಷ ಗುಂಡು ಹಾರಿದ ಮರಳಿನಲ್ಲಿ ಸಿಡಿಯದೆ ಉಳಿದದ್ದು ಬೇಕಾದಷ್ಟಿದೆ. ಮರಳು ಗಾಳಿಗೆ ಸರಿದಂತೆ, ಹಿಮ ನೆಲವನ್ನು ಎತ್ತಿದಂತೆ ಅದು ಮೇಲೆ ಬರುತ್ತದೆ, ಹಾಗಾಗಿ ಒಮ್ಮೆ ಶುದ್ಧಮಾಡಿದ ನೆಲವೂ ಪೂರ್ತಿ ಶುದ್ಧವಲ್ಲ. ಬ್ರಾಂಡೆನ್‌ಬುರ್ಗಿನ ಇಂಥ ಕಾಡುಗಳಿಗೆ ಬೆಂಕಿ ಬಿದ್ದರೆ ಅಗ್ನಿಶಾಮಕರು ಸಾವಿರ ಮೀಟರ್ ದೂರವೇ ನಿಲ್ಲಬೇಕಾಗುತ್ತದೆ; 2019ರಲ್ಲೂ 2023ರಲ್ಲೂ ಯೂಟರ್‌ಬೋಗ್ ಬಳಿ ಹೀಗೆಯೇ ನೂರಾರು ಹೆಕ್ಟೇರು ಸುಟ್ಟವು.

ಕೊನೆಗೆ ಹೆಸರುಗಳು. ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ತ್ಸೇರೆನ್ಸ್‌ಡೋರ್ಫ್ ಭಾರತೀಯ ಸ್ಮಶಾನ ಎಂದು ಇಂಗ್ಲಿಷಿನಲ್ಲಿ ಹುಡುಕಿದರೆ ಒಬ್ಬೊಬ್ಬರ ದಾಖಲೆ ಸಿಗುತ್ತದೆ. ಅಂಥ ದಾಖಲೆಗಳಲ್ಲಿ ರೆಜಿಮೆಂಟು, ಸತ್ತ ದಿನ, ಎಷ್ಟೋ ಸಲ ತಂದೆಯ ಹೆಸರು ಮತ್ತು ಊರು ಇರುತ್ತವೆ. ತೊಡಕು ಕಾಗುಣಿತದ್ದು: ಗುಮಾಸ್ತ ಕಿವಿಗೆ ಬಿದ್ದಂತೆ ಬರೆದುಕೊಂಡ ಊರಿನ ಹೆಸರು ಇಂದಿನ ನಕ್ಷೆಯಲ್ಲಿ ಸಿಗುವುದಿಲ್ಲ, ಜಿಲ್ಲೆಗಳೂ ಬದಲಾಗಿವೆ, ಅರ್ಧಕ್ಕರ್ಧ ಈಗ ಪಾಕಿಸ್ತಾನ ಅಥವಾ ನೇಪಾಳದಲ್ಲಿರಬಹುದು. ಆದ್ದರಿಂದ ನಾವು ಕೇಳುವ ಹೆಸರುಪಟ್ಟಿಯಲ್ಲಿ ಮೂರು ಅಂಕಣವಿರಲಿ: ದಾಖಲೆಯಲ್ಲಿದ್ದ ಹಾಗೆಯೇ ಹೆಸರು, ಗುರ್ಮುಖಿ, ನಾಗರಿ ಅಥವಾ ಉರ್ದು ಲಿಪಿಯಲ್ಲಿ ಸರಿಪಡಿಸಿದ ಹೆಸರು, ಇಂದಿನ ಜಿಲ್ಲೆ. ಖಚಿತವಾಗದ ಕಡೆ ಖಾಲಿ ಬಿಡಿ, ಊಹೆ ತುಂಬಬೇಡಿ. ಧ್ವನಿ ಸಂಗ್ರಹದ ವೈಯಕ್ತಿಕ ಹಾಳೆಗಳ ಜೊತೆ ಇದನ್ನು ತಾಳೆ ನೋಡಿದರೆ, ಸತ್ತವರಲ್ಲಿ ಯಾರಾದರೂ ಮೊದಲು ಕಹಳೆಯ ಮುಂದೆ ನಿಂತಿದ್ದರೇ ಎಂಬುದು ತಿಳಿಯುತ್ತದೆ. ಭಾರತೀಯ ರಾಯಭಾರ ಕಚೇರಿ ಮನಸ್ಸು ಮಾಡಿದರೆ ಲಿಪಿ ಬಲ್ಲ ನಾಲ್ಕು ಜನ ಬರ್ಲಿನ್ನಿನಲ್ಲೇ ಸಿಗುತ್ತಾರೆ.

ಹೋಗಿ ನೋಡಬೇಕೆನ್ನುವ ಕನ್ನಡಿಗರಿಗೆ: ಬರ್ಲಿನ್ನಿನಿಂದ ಪ್ರಾದೇಶಿಕ ರೈಲು ಹಿಡಿದು ತ್ಸೋಸನ್ ದಾಟಿ ವ್ಯೂನ್ಸ್‌ಡೋರ್ಫ್-ವಾಲ್ಡ್‌ಸ್ಟಾಟ್ ನಿಲ್ದಾಣದಲ್ಲಿ ಇಳಿಯಿರಿ. ಹೊರಡುವ ಮುನ್ನ ಆ ದಿನದ ವೇಳಾಪಟ್ಟಿ ನೋಡಿ, ಈ ದಾರಿಯಲ್ಲಿ ಹಳಿಯ ಕೆಲಸ ನಡೆಯುತ್ತಿರುತ್ತದೆ. ಸ್ಮಶಾನ ಕಾಡಿನೊಳಗಿದೆ, ಸೈಕಲ್ ಒಯ್ದರೆ ಒಳ್ಳೆಯದು. ಗುರುತಿನ ದಾರಿ ಬಿಟ್ಟು ಕಾಲಿಡಬೇಡಿ, ತುಕ್ಕುಹಿಡಿದ ಲೋಹ ಕಂಡರೆ ಮುಟ್ಟದೆ ಜಾಗ ನೆನಪಿಟ್ಟುಕೊಂಡು 110ಕ್ಕೆ ಕರೆಮಾಡಿ. ಬಂಕರ್‌ಗಳೊಳಗೆ ಮಾರ್ಗದರ್ಶಕರಿಲ್ಲದೆ ಹೋಗಬೇಡಿ: ಸ್ಫೋಟಿಸಿದ ಚಪ್ಪಡಿಗಳು ಕಂಬಿಯ ಮೇಲೆ ತೂಗುತ್ತಿವೆ, ಕೆಳಗಿನ ಅಂತಸ್ತುಗಳಲ್ಲಿ ನೀರು ನಿಂತಿರುತ್ತದೆ, ಚಳಿಗಾಲದಲ್ಲಿ ಬಾವಲಿಗಳು ಮಲಗಿರುತ್ತವೆ. ಸಮಾಧಿಗೆ ಹೂ ಇಡಬಹುದು. ದೀಪ, ಊದುಬತ್ತಿ ಹಚ್ಚಬೇಡಿ, ಪೈನ್ ಎಲೆ ಒಣಗಿದ್ದರೆ ಒಂದು ಕಿಡಿ ಸಾಕು.

ಮಾನ್ಯರೇ, ಮೇಲಿನ ಕೆಲಸಗಳಲ್ಲಿ ಹೆಚ್ಚಿನವಕ್ಕೆ ಹೂಡಿಕೆದಾರರೂ ಬೇಡ, ಹೊಸ ಕಾಯಿದೆಯೂ ಬೇಡ. ಈ ಚಳಿಗಾಲ ಹಿಡಿಯುವ ಮುನ್ನ ಅಧಿಕಾರಿಗಳ ಭವನದ ಸೂರಿನ ದೋಣಿಯಿಂದ ಶುರುಮಾಡಿ, ಮೊದಲ ತೇವಮಾಪನದ ಅಂಕಿಗಳನ್ನು ಊರಿನವರಿಗೆ ಕಾಣುವ ಕಡೆ ಹಚ್ಚಿ.

ಇತಿ,
ಬರ್ಲಿನ್ ಮತ್ತು ಬ್ರಾಂಡೆನ್‌ಬುರ್ಗ್‌ನಲ್ಲಿ ನೆಲೆಸಿರುವ ಕೆಲವು ಕನ್ನಡಿಗರು